ಮೂರನೆಯ ಸುಳ್ಳು ಎಚ್ಚರಿಕೆ

“ನಿಮ್ಮ ಮಾತು ಕೇಳಿ ಟಿವಿ ಉಪಗ್ರಹವನ್ನ ಎರಡು ದಿನ ಆಫ್ ಮಾಡಿ ಮಲಗಿಸಿದ್ವಿ. ಏನು ಕೆಟ್ಟಿತು, ಹೇಳಿ ನೋಡೋಣ?” ಸಾಹೇಬರು ಮೇಜು ಕುಟ್ಟಿದರು.

“ಮಲಗಿಸಿದ್ದಕ್ಕೇ ಏನೂ ಕೆಡಲಿಲ್ಲ ಸಾರ್,” ಎಂದಳು ಸೌರಗಾಳಿಯ ಮುನ್ಸೂಚನೆ ಬರೆಯುವವಳು.

ಅವಳ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸೂರ್ಯನ ಹೊರ ವಾತಾವರಣವಾದ ಕರೋನಾದ ಚಿತ್ರದಲ್ಲಿ ನಟ್ಟನಡುವೆ ಒಂದು ದೊಡ್ಡ ಕರೋನಾ ರಂಧ್ರ ಕಪ್ಪಗೆ ಕಂಡಿತ್ತು. ಅಂಥ ಕಡೆ ಕಾಂತರೇಖೆಗಳು ಹಿಂದಕ್ಕೆ ಬಾಗದೆ ಹೊರಕ್ಕೆ ಚಾಚಿಕೊಂಡಿರುತ್ತವೆ. ತಡೆಯುವವರಿಲ್ಲದ ವಿದ್ಯುತ್ ಕಣಗಳ ಗಾಳಿ ಎರಡು ಪಟ್ಟು ವೇಗದಲ್ಲಿ ನುಗ್ಗಿ, ಚಾಲೂ ಇರುವ ಉಪಗ್ರಹವನ್ನು ಸುಡಬಲ್ಲದು. ಮೂರು ದಿನದಲ್ಲಿ ಬರುತ್ತದೆ ಎಂದು ಬರೆದಳು, ಬಂತು. ಅವಳ ಗ್ರಹಚಾರಕ್ಕೆ ಫುಟ್‌ಬಾಲ್ ಫೈನಲ್ಲೂ ಅವತ್ತೇ ಬಂತು. ಉಪಗ್ರಹ ಮಲಗಿದ್ದರಿಂದ ಮನೆಮನೆಯ ಟಿವಿ ಕಪ್ಪಾಯಿತು. ಸಾಹೇಬರನ್ನು ಅವರ ಸ್ವಂತ ಭಾವಮೈದುನನೇ ತರಾಟೆಗೆ ತೆಗೆದುಕೊಂಡನಂತೆ.

“ಗಾಳಿ ಬಂದಿದ್ದಕ್ಕೆ ಅಳತೆ ಇದೆ ಸಾರ್. ಸೆಕೆಂಡಿಗೆ ಏಳುನೂರು ಕಿಲೋಮೀಟರ್.”

“ಅಳತೆ ಇಟ್ಕೊಂಡು ಏನಮ್ಮಾ ಮಾಡ್ಲಿ? ಹಾನಿ ತೋರಿಸಿ.”

ಕಚೇರಿಯ ನಿಯಮವೇ ಹಾಗಿತ್ತು. ಎಚ್ಚರಿಕೆ ಕೊಟ್ಟ ಮೇಲೂ ಹಾನಿಯಾಗದಿದ್ದರೆ ಅದು ಸುಳ್ಳು ಎಚ್ಚರಿಕೆ. ಅಂಥವು ಮೂರಾದರೆ ಕುರ್ಚಿ ಬಿಡಬೇಕು. ಹಿಂದಿನ ಎರಡು ಸಲವೂ ಅವಳು ಎಲ್ಲವನ್ನೂ ಉಳಿಸಿದ್ದಳು, ಪಾಪ! ಹನ್ನೊಂದು ವರ್ಷ ದಿನವೂ ಸೂರ್ಯನ ಮುಖ ನೋಡಿದವಳನ್ನು ಕಿಟಕಿಯೂ ಇಲ್ಲದ ಹಳೆ ಕಡತಗಳ ಕೋಣೆಗೆ ಹಾಕಿದರು.

ಆದರೂ ಮನಸ್ಸು ತಡೆಯದೆ, ತನ್ನ ಕುರ್ಚಿಗೆ ಬಂದ ಹೊಸಬನಿಗೆ ಹೇಳಿದಳು: “ಸೂರ್ಯ ಇಪ್ಪತ್ತೇಳು ದಿನಕ್ಕೆ ಒಂದು ಸುತ್ತು ತಿರುಗ್ತಾನೆ. ಆ ರಂಧ್ರ ಇನ್ನೂ ಮುಚ್ಚಿಲ್ಲ. ಮತ್ತೆ ನಮ್ಮ ಕಡೆ ಮುಖ ಮಾಡುತ್ತೆ, ನೋಡ್ಕೋ.”

“ನೋಡ್ತೀನಕ್ಕಾ. ಆದ್ರೆ ಬರೆಯಲ್ಲ. ನನಗೂ ಹೆಂಡ್ತಿ ಮಕ್ಕಳಿದಾರೆ,” ಎಂದ ಆತ.

ರಂಧ್ರ ಬಂತು. ಹೊಸಬ ‘ಸೂರ್ಯ ಶಾಂತ’ ಎಂದು ಬರೆದು ಕೈತೊಳೆದುಕೊಂಡ. ಗಾಳಿ ಬಂದ ಎರಡನೆಯ ದಿನ ಮಧ್ಯಾಹ್ನ, ಎಚ್ಚರವಾಗಿಯೇ ಇದ್ದ ಉಪಗ್ರಹದ ವಿದ್ಯುತ್ ಮಂಡಲಗಳು ಸುಟ್ಟುಹೋದವು. ಯಾರು ಎಷ್ಟು ಕರೆದರೂ ಅದು ಓಗೊಡಲಿಲ್ಲ.

ಸಂಜೆ ಸಾಹೇಬರು ಏದುಸಿರು ಬಿಡುತ್ತ ಕಡತಗಳ ಕೋಣೆಗೇ ಇಳಿದು ಬಂದರು. ಬೈಯುವುದಕ್ಕೇ ಬಂದರೇನೋ ಎಂದು ಅವಳು ಎದ್ದು ನಿಂತಳು. ಅವರು ಮುಖ ಅರಳಿಸಿ ಅವಳ ಕೈ ಕುಲುಕಿದರು.

“ನೋಡಿ, ಈ ಸಲ ನಿಮ್ಮ ಗಾಳಿ ನಿಜವಾಗ್ಲೂ ಬಂತು ಕಣಮ್ಮಾ!”