ಕದಲದ ಪಟ್ಟೆಗಳು

"ಸಾಕು ಸುಲೆಮಾ, ಆರಿಸು," ಎಂದ ಹೆನ್ನಿಂಗ್. ಆಕಾಶಕ್ಕೆ ಹಸಿರು ಬೆಳಕು ಚಿಮ್ಮಿಸಿ ಮೇಲಿನ ಗಾಳಿಯ ಬಿಸಿ ಅಳೆಯುವ ಲೈಡಾರ್ ಯಂತ್ರದ ಗುಂಡಿಯ ಮೇಲೆ ಅದನ್ನು ನಡೆಸುವ ಸುಲೆಮಾಳ ಬೆರಳಿತ್ತು, ಆದರೆ ಅವಳು ಒತ್ತಲಿಲ್ಲ. ಹನ್ನೊಂದು ದಿನ ಮುಚ್ಚಿಕೊಂಡಿದ್ದ ರಿಯೊ ಗ್ರಾಂಡೆ ಊರಿನ ಆಕಾಶ ಇಂದಷ್ಟೇ ತೆರೆದಿತ್ತು. ಯಂತ್ರ ಆರಿಸಿ ಅದರೊಳಗಿನ ಕನ್ನಡಿ ಸರಿಮಾಡುವಷ್ಟರಲ್ಲಿ ಮತ್ತೆ ಮೋಡ ಕವಿಯುವುದು ಖಂಡಿತ.

ಜರ್ಮನಿಯಿಂದ ಮೊನ್ನೆಯಷ್ಟೇ ಬಂದಿದ್ದ ವಿಜ್ಞಾನಿ ಹೆನ್ನಿಂಗ್ ಬಿಸಿ ತಂಪು ತೋರಿಸುವ ಪರದೆಯ ಕೆಂಪು ನೀಲಿ ಪಟ್ಟೆಗಳನ್ನು ಬೆರಳಿನಿಂದ ಕುಟ್ಟಿದ. "ಎರಡು ತಾಸಿನಿಂದ ಐವತ್ತು ಕಿಲೋಮೀಟರ್ ಎತ್ತರದಲ್ಲೇ ಕೂತಿವೆ. ನಮ್ಮಲ್ಲಿ ಗಾಳಿಯ ಅಲೆ ಅಂದ್ರೆ ಪಟ್ಟೆ ಜಾರ್ತಾ ಕೆಳಗಿಳಿಯುತ್ತೆ. ಇದು ಯಂತ್ರದ ದೋಷ."

"ನಿಮ್ಮಲ್ಲಿ ಬೆಟ್ಟ ಇದೆಯಾ ಡಾಕ್ಟರೇ?"

"ಇಲ್ಲ, ನಮ್ಮ ಕೇಂದ್ರದ ಸುತ್ತ ಬರೀ ಬಯಲು. ಯಾಕೆ?"

"ಹೊರಗೆ ಬನ್ನಿ. ಟೋಪಿ ಜೋಪಾನ."

ಬಾಗಿಲು ತೆರೆದದ್ದೇ ತಡ, ಟೋಪಿ ಕತ್ತಲಿಗೆ ಹಾರಿಹೋಯಿತು. ಪಶ್ಚಿಮದ ಬೆಟ್ಟಸಾಲಿನ ಮೇಲೆ, ಬೆಳದಿಂಗಳಲ್ಲಿ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ಒಂದು ಮೋಡ ನಿಂತಿತ್ತು.

"ಮಧ್ಯಾಹ್ನ ನಾನು ಅಪ್ಪನ ಕುರಿ ದೊಡ್ಡಿಗೆ ಕೂಡಿಹಾಕುವಾಗ್ಲೂ ಆ ಮೋಡ ಅಲ್ಲೇ ಇತ್ತು. ಗಾಳಿ ನಿಂತಿದೆಯಾ? ನಿಮ್ಮ ಟೋಪೀನೇ ಕೇಳಿ! ಹೊಳೆ ನೀರು ಓಡ್ತಾನೇ ಇರುತ್ತೆ, ಬಂಡೆ ದಾಟಿದ ಕಡೆ ಎದ್ದ ಉಬ್ಬು ಮಾತ್ರ ಕದಲಲ್ಲ. ಬೆಟ್ಟ ದಾಟೋ ಗಾಳೀದೂ ಹಾಗೇ. ಅದೇ ಉಬ್ಬು ಮೇಲೇರಿ ನಿಮ್ಮ ಪರದೇಲಿ ಕೂತಿದೆ."

ಹೆನ್ನಿಂಗ್ ಕೂದಲು ಕೆದರಿಕೊಂಡು ಆ ಮೋಡವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಒಳಹೋಗಿ ಅವಳ ಕುರ್ಚಿಯಲ್ಲೇ ಕೂತ.

"ಪರದೇನ ಅರವತ್ತು ಕಿಲೋಮೀಟರ್‌ಗೇ ಯಾಕೆ ನಿಲ್ಲಿಸಿದ್ದೀಯಾ?" ಎಂದ. "ತೊಂಬತ್ತರವರೆಗೂ ತೋರಿಸು. ಇದು ಎಲ್ಲೀತನಕ ಹತ್ತುತ್ತೋ ನೋಡೋಣ."