ಮೂರು ಸುತ್ತಿನ ಓಟಗಾರ

"ಹದಿನೇಳು ರೇಸು. ಹದಿನೇಳನ್ನೂ ಅರ್ಧಕ್ಕೇ ಬಿಟ್ಟಿದೀರಿ," ಎಂದ ಗುಮಾಸ್ತ, ಹಳೆಯ ದಾಖಲೆ ಪುಸ್ತಕವನ್ನು ಮೆಕ್ಯಾನಿಕ್‌ನ ಕಡೆಗೆ ತಿರುಗಿಸಿ ಹಿಡಿದು. "ಡಿಗ್ರೀನೂ ಎರಡನೇ ವರ್ಷಕ್ಕೇ ಬಿಟ್ಟಿದೀರಿ. ಏನಂತ ಸೇರಿಸ್ಕೊಳ್ಳಲಿ, ನೀವೇ ಹೇಳಿ."

ಮೆಕ್ಯಾನಿಕ್ ಮೇಜಿನ ಮೇಲೆ ಎರಡೂ ಕೈ ಊರಿದ. ಬೆಳಿಗ್ಗೆ ಎಷ್ಟು ತಿಕ್ಕಿದ್ದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ವಿಶ್ವವಿದ್ಯಾಲಯದ ಹಳೆಯ ಕ್ರೀಡಾಪಟುಗಳ ಬಳಗಕ್ಕೆ ಅವತ್ತು ಉದ್ಘಾಟನೆ. ಫಾರಂ ತುಂಬಿದವರಿಗೆ ಅಲ್ಲೇ ಫೋಟೊ, ಅಲ್ಲೇ ಸದಸ್ಯರ ಕಾರ್ಡು. ಅವನ ಬೆನ್ನ ಹಿಂದೆ ಮೈದಾನದ ಗೇಟಿನವರೆಗೂ ಸಾಲು. ಆ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಮೆರೆಯುವ ಹುಚ್ಚು ಅವನಿಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹನ್ನೊಂದು ವರ್ಷದ ಮಗಳಿಗೆ ತೋರಿಸಬೇಕಿತ್ತು, ಅಷ್ಟೆ. ಮನೆಯಲ್ಲಿ ಒಂದು ಕಪ್ಪಿಲ್ಲ, ಪದಕವಿಲ್ಲ, ಫೋಟೊ ಇಲ್ಲ. ‘ನಿಮ್ಮಪ್ಪ ಬರೀ ರೀಲು ಬಿಡ್ತಾರೆ ಕಣೇ’ ಎಂದು ಗೆಳತಿಯರು ನಕ್ಕ ದಿನದಿಂದ ಅವಳು ಅಪ್ಪನ ಓಟದ ಕಥೆ ಕೇಳುವುದನ್ನೇ ನಿಲ್ಲಿಸಿದ್ದಳು.

"ಸ್ವಾಮಿ, ನಾನು ಕೈಲಾಗದೆ ಬಿಟ್ಟಿದ್ದಲ್ಲ. ಬಿಡೋಕಂತಲೇ ಓಡ್ತಿದ್ದೆ," ಎಂದ ಮೆಕ್ಯಾನಿಕ್. "ಚಾಂಪಿಯನ್ನಿಗೆ ವೇಗ ಹತ್ತಬೇಕಲ್ಲ? ಅದಕ್ಕೆ ಅವನ ಮುಂದೆ ಮೂರು ಸುತ್ತು ಎಳೀತಿದ್ದೆ. ಕೊನೇ ಮುಕ್ಕಾಲು ಸುತ್ತಿಗೆ ನಾನು ಪಕ್ಕಕ್ಕೆ ಸರೀಬೇಕು. ಕೋಚ್ ಇಟ್ಟುಕೊಂಡಿದ್ದೇ ಅದಕ್ಕೆ."

"ಹಂಗಾದ್ರೆ ಕೋಚ್ ಹತ್ರ ಒಂದು ಚೀಟಿ ಬರೆಸ್ಕೊಂಡು ಬನ್ನಿ."

"ಅವರು ತೀರ್ಕೊಂಡು ಆರು ವರ್ಷ ಆಯ್ತು. ಎಲ್ಲಿಗೆ ಹೋಗಿ ಬರೆಸ್ಕೊಂಡು ಬರ್ಲಿ? ದಾರಿ ತೋರ್ಸಿ, ಹೋಗ್ಬರ್ತೀನಿ!"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗಳು ಅಂಗಿಯ ತುದಿ ಜಗ್ಗಿದಳು. "ಸಾಕು ಬಾರಪ್ಪ." ಅವನ ಕಿವಿ ಕೆಂಡವಾಯಿತು. ಮೈದಾನದ ಗೋಡೆಯ ತುಂಬ ಗೆದ್ದವರ ಹೆಸರು ಕೆತ್ತಿಟ್ಟಿದ್ದಾರೆ. ಗೆಲ್ಲಿಸಿದವನಿಗೆ ಒಂದು ಚೂರು ಕಾಗದ ಕೊಡಲು ಇವರಿಗೆ ಸತ್ತವರ ಸಹಿ ಬೇಕು!

ಗಲಾಟೆ ಕೇಳಿ, ವೇದಿಕೆ ಹತ್ತಲು ಹೊರಟಿದ್ದ ಬಳಗದ ಅಧ್ಯಕ್ಷ ಇತ್ತ ಬಂದ. ಆ ಚಾಂಪಿಯನ್ ಅವನೇ. ಸಾವಿರದ ಐನೂರು ಮೀಟರಿನಲ್ಲಿ ಅವನ ದಾಖಲೆಯನ್ನು ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಈಗ ಕೋಟಿನ ಗುಂಡಿಯೊಂದು ಹೊಟ್ಟೆಯ ಮೇಲೆ ಪ್ರಾಣ ಹಿಡಿದುಕೊಂಡಿತ್ತು.

ಮೆಕ್ಯಾನಿಕ್‌ನ ಮುಖ ಅರಳಿತು. "ಗುರುತು ಸಿಕ್ತಾ?"

ಅಧ್ಯಕ್ಷ ಆ ನರೆತ ಗಡ್ಡವನ್ನು, ದಪ್ಪ ಕನ್ನಡಕವನ್ನು ಮೇಲಿಂದ ಕೆಳಗೆ ನೋಡಿದ. "ತಪ್ಪು ತಿಳ್ಕೋಬೇಡಿ... ನೆನಪಾಗ್ತಿಲ್ಲ."

ಮೆಕ್ಯಾನಿಕ್ ಅದೇ ವಿಶ್ವವಿದ್ಯಾಲಯದ ಬೇರೆ ಕಾಲೇಜಿನವನು. ರೇಸಿನ ದಿನ ಮಾತ್ರ ಬರುತ್ತಿದ್ದ. ಮೂರು ಸುತ್ತು ಮುಗಿದದ್ದೇ ಟ್ರ್ಯಾಕಿನಿಂದ ಇಳಿದು, ಆ ಗೇಟಿನಿಂದಲೇ ಗ್ಯಾರೇಜಿನ ಕೆಲಸಕ್ಕೆ ಓಡುತ್ತಿದ್ದ. ಇಬ್ಬರೂ ಕೂತು ಒಂದು ಲೋಟ ಚಹಾ ಕುಡಿದದ್ದಿಲ್ಲ. ಅದನ್ನೆಲ್ಲ ಬಿಡಿಸಿ ಹೇಳಬಹುದಿತ್ತು. ಆದರೆ ಗುಮಾಸ್ತನ ಜೊತೆ ಜಗಳವಾಡಿದ ಬಾಯಿ ಅಧ್ಯಕ್ಷನ ಮುಂದೆ ಏಳಲಿಲ್ಲ. "ಇರ್ಲಿ ಬಿಡಿ," ಎಂದವನೇ ಮಗಳ ಕೈ ಹಿಡಿದು ದಾಪುಗಾಲು ಹಾಕಿದ.

ಹತ್ತು ಹೆಜ್ಜೆ ಹೋಗಿರಬೇಕು.

"ಏಯ್! ಏಯ್, ನಿಂತ್ಕೊ! ಅಲ್ಲ, ನಿಲ್ಲಬೇಡ, ನಡಿ! ಹಂಗೇ ನಡಿ!" ಅಧ್ಯಕ್ಷ ಏದುಸಿರು ಬಿಡುತ್ತ ಓಡಿ ಬರುತ್ತಿದ್ದ. ಟೈ ಹೆಗಲ ಮೇಲೆ ಹಾರುತ್ತಿತ್ತು. "ಇದೇ ಎಡಭುಜ! ಹೆಜ್ಜೆ ಹೆಜ್ಜೆಗೂ ಇಳಿಯುತ್ತಲ್ಲ, ಇದೇ!" ಹಿಂದಿನಿಂದಲೇ ಬಂದು ಮೆಕ್ಯಾನಿಕ್‌ನನ್ನು ತಬ್ಬಿಕೊಂಡ. "ನಿನ್ನ ಮುಖ ಯಾವತ್ತು ನೋಡಿದ್ದೆನೋ ನಾನು? ಎರಡು ವರ್ಷ ಈ ಬೆನ್ನು ನೋಡ್ಕೊಂಡೇ ಓಡಿದೀನಿ. ಒಂದು ಮಾತೂ ಹೇಳ್ದೆ ಎಲ್ಲಿ ಮಾಯ ಆಗ್ತಿದ್ದೆ, ಕತ್ತೆ?"

"ಗ್ಯಾರೇಜಿಗೆ. ಐದು ಗಂಟೆಗೆ ಹಾಜರಿ." ಮೆಕ್ಯಾನಿಕ್ ಅವನ ಕಡೆ ತಿರುಗಿದ. "ನೀನು ಗೆಲ್ಲೋದನ್ನ ನಾನು ಒಂದ್ಸಲಾನೂ ನೋಡಿಲ್ಲ ಕಣೋ. ಮಾರನೇ ದಿನ ಪೇಪರಲ್ಲೇ ಓದ್ತಿದ್ದಿದ್ದು."

"ನೋಡೋ ಹಂಗೇನೂ ಇರ್ಲಿಲ್ಲ ಬಿಡು. ಕೊನೇಲಿ ಬಾಯಿ ಬಿಟ್ಕೊಂಡು ಒದ್ದಾಡ್ತಿದ್ದೆ."

ಇಬ್ಬರೂ ನಕ್ಕರು. ಗುಮಾಸ್ತ ಪೆನ್ನು ಹಿಡಿದು ಓಡಿ ಬಂದ. "ಸಾರ್, ಸಾಧನೆ ಅನ್ನೋ ಜಾಗದಲ್ಲಿ ಏನು ಬರೀಲಿ?"

"ನನ್ನ ದಾಖಲೇನೇ ಬರಿ. ಅದರಲ್ಲಿ ಮುಕ್ಕಾಲು ಸುತ್ತು ನನ್ನದು. ಮೂರು ಸುತ್ತು ಇವನದು."

ಕಾರ್ಡು ಬಂತು. ಮೆಕ್ಯಾನಿಕ್ ಅದನ್ನು ಮಗಳ ಕೈಗಿಟ್ಟ. ಅವಳು ಅದನ್ನು ಓದಲೂ ಇಲ್ಲ, ಜೇಬಿಗೆ ಹಾಕಿಕೊಂಡಳು. ಅವನಿಗೆ ಚುರುಕ್ಕೆಂದಿತು. ಗೇಟು ದಾಟಿ ಬಸ್‌ಸ್ಟಾಪಿನ ರಸ್ತೆ ಹಿಡಿದಾಗ ಪಕ್ಕದಲ್ಲಿ ಅವಳಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಚಪ್ಪಲಿಯ ಸದ್ದು ಕೇಳುತ್ತಿತ್ತು.

"ಯಾಕೆ ಪುಟ್ಟಿ, ಹಿಂದೆ ಬಿದ್ದೆ? ಬಾ."

"ತಿರುಗಬೇಡಪ್ಪ, ನಡಿ," ಎಂದಳು ಮಗಳು. "ನಾನಿನ್ನೂ ಸರಿಯಾಗಿ ನೋಡಿಲ್ಲ."