ಒಂದೇ ಎಳೆತ

ಮರ ಕೊಯ್ಯುವ ಆ ಹಳೆಯ ಪುಟ್ಟ ಮಿಷನ್ ಹೋದ ವಾರ ಅವನು ಹೊಸ ಸ್ಪಾರ್ಕ್ ಪ್ಲಗ್ ಹಾಕಿದಾಗ ಹಗ್ಗದ ಒಂದೇ ಎಳೆತಕ್ಕೆ ಗುಡುಗಿತ್ತು. ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೊಡುತ್ತಿದ್ದವಳು ಹೆಂಡತಿ.

"ನಾಳೆ ಆ ನೇರಳೆ ಮರ ಇಳಿಸಿಬಿಡ್ತೀನಿ. ಬಚ್ಚಲಮನೆ ಕಡೆ ವಾಲಿದೆ," ಎಂದಿದ್ದ.

ಅದು ಅವಳು ತವರಿಂದ ತಂದು ನೆಟ್ಟ ಮರ. ಅವಳು ಉಸಿರೆತ್ತಲಿಲ್ಲ. ಮರುದಿನದಿಂದ ಮಿಷನ್ನೂ ಉಸಿರೆತ್ತಲಿಲ್ಲ. ವಾರವಿಡೀ ಬಿಚ್ಚಿ, ತೊಳೆದು, ಜೋಡಿಸಿದ್ದೇ ಬಂತು.

ಇವತ್ತು ಗಾಳಿಗೆ ಮರ ತಾನೇ ಉರುಳಿತು. ಬಚ್ಚಲಮನೆಯ ಗೋಡೆ ಕುಸಿದು, ಒಳಗಿದ್ದ ಹೆಂಡತಿಯ ಕಾಲು ಕೊಂಬೆಯಡಿ ಸಿಕ್ಕಿಕೊಂಡಿತು. ಗಾಳಿ ಬೀಸಿದಾಗಲೆಲ್ಲ ಕಾಂಡ ಅವಳ ಎದೆಯ ಕಡೆಗೆ ಜರುಗುತ್ತಿತ್ತು.

ಅವನು ಮಿಷನ್ನಿನ ಹಗ್ಗ ಎಳೆದ. ಮತ್ತೆ ಎಳೆದ. ಅಂಗೈ ಸುಲಿಯಿತು.

"ಪೆಟ್ರೋಲ್ ನೋಡಿದ್ಯಾ?" ಪಕ್ಕದ ಮನೆಯ ಜವರಪ್ಪ ಕಾಂಡಕ್ಕೆ ಹೆಗಲು ಕೊಟ್ಟುಕೊಂಡೇ ಕೂಗಿದ.

"ಬದಲಾಯಿಸಿದೀನಿ. ಫಿಲ್ಟರೂ ತೊಳೆದಿದೀನಿ."

"ಪ್ಲಗ್ಗು?"

"ಹೊಸದು ಕಣಯ್ಯಾ, ನಾನೇ ಹಾಕಿದ್ದು! ಅದನ್ಯಾಕೆ ಬಿಚ್ಚಲಿ?"

ಕಾಂಡ ಇನ್ನೊಂದು ಗೇಣು ಜರುಗಿತು.

"ಬೇಗ ಮಾಡೋ, ನನ್ನ ಕೈಲಿ ತಡೆಯೋಕಾಗ್ತಿಲ್ಲ."

ಅವನು ಮಿಷನ್ನನ್ನು ನೆಲಕ್ಕೆ ಕುಕ್ಕಿದ. "ಮುಂಡೇದು, ಯಾವತ್ತೋ ಗುಜರಿಗೆ ಹಾಕ್ಬೇಕಿತ್ತು ಇದನ್ನ! ಈಗಲೇ ಕೈಕೊಡ್ಬೇಕಾ?"

"ಅದನ್ನ ಬಯ್ಬೇಡಿ," ಎಲೆಗಳ ಕೆಳಗಿನಿಂದ ಹೆಂಡತಿಯ ದನಿ ಬಂತು. "ಅದರಲ್ಲಿರೋದು ಹಳೇ ಪ್ಲಗ್ಗು. ಹೊಸದು ಸಾಸಿವೆ ಡಬ್ಬೀಲಿದೆ, ಓಡ್ರೀ."